ದ್ರೌಪದಿ ಬೇಡ, ದುರ್ಯೋಧನ ಕೇಳು

ಮೈಸೂರು
ಏಪ್ರಿಲ್ 12

ಪ್ರೀತಿಯ ಸಿಂಚನಾ,

ನಿನ್ನ ಮೆಸೇಜು ಓದಿದೆ. ರಜೆಗೆ ಅಜ್ಜಿ ಮನೆಗೆ ಹೋದವಳು ಇಷ್ಟು ಬೇಗ ಜಗಳ ತೆಗೆಯುತ್ತೀ ಅಂದುಕೊಂಡಿರಲಿಲ್ಲ. ಊರಹಬ್ಬಕ್ಕೆ ಕುರುಕ್ಷೇತ್ರ ಆಡುತ್ತಾರೆ, ನಿಮ್ಮ ಮಾವ ಭೀಮ. ನೀನು ದ್ರೌಪದಿ ಮಾಡುತ್ತೇನೆ ಅಂದೆ. ಅಜ್ಜಿ ತಟ್ಟೆ ಪಕ್ಕಕ್ಕೆ ತಳ್ಳಿ "ನಮ್ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚಲ್ಲ" ಅಂದರು. ಅಷ್ಟು ವರ್ಷ ಕಾಲೇಜಲ್ಲಿ ಹೆಂಗಸರ ಚರಿತ್ರೆ ಪಾಠ ಮಾಡಿದವಳು ನಾನು, ಒಂದು ಫೋನ್ ಮಾಡಿ ಅಜ್ಜಿಗೆ ಬುದ್ಧಿ ಹೇಳಲಿ ಅಂತ ನಿನ್ನ ಆಸೆ. ಹೇಳೋಣ. ಆದರೆ ಮೊದಲು ನಿನಗೇ ಹೇಳೋದಿದೆ. ಫೋನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

1972ರ ಬೇಸಿಗೆ, ನನಗೆ 12 ವರ್ಷ. ಸುಗ್ಗಿ ಮುಗಿದು ಕಣ ಖಾಲಿಯಾಗಿತ್ತು. ಆ ವರ್ಷವೂ ಕುರುಕ್ಷೇತ್ರವೇ. ದ್ರೌಪದಿ ಪಾತ್ರಕ್ಕೆ ಪೇಟೆಯಿಂದ ಒಬ್ಬರನ್ನು ಕರೆಸಿದ್ದರು. ಮಧ್ಯಾಹ್ನದ ಬಸ್ಸಿಗೆ ಬಂದರು, ಕೈಯಲ್ಲಿ ಒಂದು ತಗಡಿನ ಟ್ರಂಕು. ಊಟಕ್ಕೆ ನಮ್ಮ ಮನೆ. ನನ್ನ ಅಜ್ಜಿ ಜಗಲಿ ಮೇಲೆ ಮುತ್ತುಗದ ಎಲೆ ಹಾಕಿಸಿದರು. ಗೂಡಲ್ಲಿ ಇಟ್ಟಿದ್ದ ಒಂದು ಹಳೇ ಹಿತ್ತಾಳೆ ಲೋಟ ತೆಗೆದು ನನ್ನ ಕೈಗೆ ಕೊಟ್ಟು, "ಮೇಲಿಂದ ಹುಯ್ಯಿ, ಮುಟ್ಟಿಸಬೇಡ" ಅಂದರು. ನಾನು ಹಾಗೇ ಮಾಡಿದೆ. ಆಕೆ ಬೊಗಸೆ ಒಡ್ಡಿ ಕುಡಿದರು. ಕುಡಿದು ತಲೆ ಎತ್ತಿ ನಕ್ಕು, "ಇನ್ನೂ ಸ್ವಲ್ಪ ಮೇಲಿಂದ ಹುಯ್ಯಿ ಮಗಾ, ನೀರು ತಣ್ಣಗಾಗುತ್ತೆ" ಅಂದರು. ಆಗ ನನಗೆ ಅದು ಅರ್ಥವಾಗಲಿಲ್ಲ. ನಾನೂ ನಕ್ಕುಬಿಟ್ಟೆ.

ರಾತ್ರಿ ಮನೆಯ ಹೆಂಗಸರೆಲ್ಲ ಚಾಪೆ, ಕಂಬಳಿ, ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತುಕೊಂಡು ನಾಟಕಕ್ಕೆ ಹೋದರು. ಬೇಸಿಗೆ ರಜೆ ಅಂದರೆ ನಿನಗೂ ನನಗೂ ರಜೆ. ನಿನ್ನ ಅಜ್ಜಿಗೆ, ಅಂದರೆ ನಮ್ಮಮ್ಮನಿಗೆ, ಅದು ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಮೇಲೆ ಬಂದ ನೆಂಟರಿಗೆಲ್ಲ ಮೂರು ಹೊತ್ತು ಅಡುಗೆ. ವರ್ಷಕ್ಕೆ ಅವಳಿಗಿದ್ದ ರಜೆ ಅಂದರೆ ಆ ಒಂದು ರಾತ್ರಿ. ಬಿಚ್ಚಿದ ಮುಡಿ ಹಿಡಿದುಕೊಂಡು ದ್ರೌಪದಿ ಕೃಷ್ಣನ ಎದುರು ಹಾಡಿದಾಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಆಮೇಲೆ ಒಂದು ಸಲವೂ ನೋಡಿಲ್ಲ. ನಿನ್ನ ತಾತ ಸತ್ತಾಗಲೂ ಇಲ್ಲ.

ಮಾರನೇ ದಿನ ಅಮ್ಮ ಹಪ್ಪಳ ಒತ್ತುತ್ತಾ ಅದೇ ಹಾಡು ಹಾಡಿಕೊಳ್ಳುತ್ತಿದ್ದಳು. ಮೆಲ್ಲಗೆ, ಮೂಗಲ್ಲೇ. ಹೊರಗಿಂದ ಬಂದ ತಾತ ಕೇಳಿಸಿಕೊಂಡು "ಏನೇ, ನಾಟಕದವಳಾಗಿಬಿಟ್ಯಾ?" ಅಂದರು. ತಮಾಷೆಗೇ ಅಂದಿದ್ದು. ಹಾಡು ಅಲ್ಲಿಗೆ ನಿಂತಿತು.

ಆ ಮಾತಿನ ಬೆನ್ನು ಹತ್ತಿಯೇ ನಾನು ಚರಿತ್ರೆ ಓದಿದ್ದು ಅಂದರೂ ತಪ್ಪಿಲ್ಲ. ನಮ್ಮಲ್ಲಿ ಹಿಂದೆ ಸಂಗೀತ, ಕುಣಿತ ಕಲಿತು ಅದರಿಂದಲೇ ಬದುಕುತ್ತಿದ್ದ ಹೆಂಗಸರು ಹೆಚ್ಚಾಗಿ ದೇವದಾಸಿ ಮನೆತನದವರು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಅವರ ಸೇವೆ ನಿಲ್ಲಿಸಿತು. ಪದ್ಧತಿಯಲ್ಲಿ ಹಿಂಸೆ ಇತ್ತು ನಿಜ, ಆದರೆ ಅದು ಹೋದ ಮೇಲೂ ಹೆಸರು ಮಾತ್ರ ಹೋಗಲಿಲ್ಲ. ಸ್ಟೇಜು ಹತ್ತಿದ ಪ್ರತಿ ಹೆಂಗಸಿನ ಮೇಲೂ ಕೂತಿತು. ಅದೆಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ, 1913ರ ರಾಜಾ ಹರಿಶ್ಚಂದ್ರ ಸಿನಿಮಾಕ್ಕೆ, ಅದನ್ನು ತೆಗೆದ ದಾದಾಸಾಹೇಬ್ ಫಾಲ್ಕೆಯವರಿಗೆ ತಾರಾಮತಿ ಪಾತ್ರ ಮಾಡುವ ಹೆಂಗಸೇ ಸಿಗಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಅನ್ನುವ ಹುಡುಗನಿಗೆ ಸೀರೆ ಉಡಿಸಿದರು.

ಸೀರೆ ಉಟ್ಟ ಗಂಡಸಿಗೆ ಯಾವ ಅಪವಾದವೂ ಇಲ್ಲ ನೋಡು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆ, ಮುಡಿದ ಹೂವು ನೋಡಿ ದೊಡ್ಡ ಮನೆ ಹೆಂಗಸರು ಹಾಗೇ ಉಟ್ಟು ಮುಡಿಯುತ್ತಿದ್ದರು. ಅವರ ನಾಟಕ ಕಂಪನಿಗೆ ನಮ್ಮ ಬೀಳಗಿಯ ಗೋಹರಬಾಯಿ ಹೋದರು. ಸಿನಿಮಾ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ಅಮೀರಬಾಯಿ ಕರ್ನಾಟಕಿ ಇದ್ದರಲ್ಲ, ಅವರ ಅಕ್ಕತಂಗಿಯರಲ್ಲಿ ಒಬ್ಬರು. ಗಂಡಸು ಹೆಣ್ಣಾಗಿ ಹಾಡಿದ್ದು ಕಲೆ. ಹೆಣ್ಣು ಹೆಣ್ಣಾಗಿ ಹಾಡಿದ್ದೇ ತಡ, ಗಂಧರ್ವರನ್ನು ಹಾಳು ಮಾಡಿದವಳು ಅಂತ ಗೋಹರಬಾಯಿ ಮೇಲೆ ಮಾತು ಶುರುವಾಯಿತು. ಕಂಪನಿಯ ಸಾಲ, ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂದು ಬಿದ್ದ ಪೆಟ್ಟು ಆಕೆ ಬರುವ ಮೊದಲಿನದು. ಲೆಕ್ಕ ಯಾರು ನೋಡುತ್ತಾರೆ? ಇನ್ನು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಒಂದು ಮಾತು ಹೇಳುತ್ತಿದ್ದರು. ಗಂಡಸು ಹಾಡಿದರೆ ಪಂಡಿತ ಆಗುತ್ತಾನೆ, ಉಸ್ತಾದ ಆಗುತ್ತಾನೆ, ನಾವು ಎಷ್ಟು ಹಾಡಿದರೂ ಹೆಸರಿನ ಕೊನೆಯ ಬರೀ "ಬಾಯಿ" ಆಗಿಯೇ ಉಳಿಯುತ್ತೇವೆ ಅಂತ.

ನಮ್ಮೂರಿಗೆ ಬರೋಣ. ನಿಮ್ಮ ಮಾವ ಭೀಮನ ಪಾತ್ರಕ್ಕೆ ದುಡ್ಡು ಕಟ್ಟಿದ್ದಾನೆ ತಾನೇ? ಕೃಷ್ಣ, ದುರ್ಯೋಧನನಿಗೆ ಇನ್ನೂ ಜಾಸ್ತಿ. ಸೀನರಿ, ಮೈಕು, ಹಾರ್ಮೋನಿಯಂ ಮೇಷ್ಟ್ರು ಎಲ್ಲ ನಡೆಯೋದು ಆ ದುಡ್ಡಲ್ಲಿ. ಊರಿನ ಗಂಡಸರು ದುಡ್ಡು ಕೊಟ್ಟು ಪಾತ್ರ ಮಾಡುತ್ತಾರೆ, ಪೇಟೆಯಿಂದ ಬಂದ ಹೆಂಗಸರು ದುಡ್ಡು ತಗೊಂಡು ಪಾತ್ರ ಮಾಡುತ್ತಾರೆ. ಕೊಟ್ಟವನು ಕಲಾಭಿಮಾನಿ, ತಗೊಂಡವಳು ನಾಟಕದವಳು. ಇಡೀ ಕಥೆ ಇಷ್ಟೇ ಕಣೇ.

ನಿನಗೆ ಬೇಜಾರಾಗುವ ಮಾತು ಇನ್ನು ಬರುತ್ತೆ. ಹೋದ ವಾರ ನಿನ್ನ ತಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ರೀಲ್ ಹಾಕಿದ್ದ. ಪಕ್ಕದೂರಿನ ನಾಟಕದ್ದು. ಪಾತ್ರಗಳನ್ನು ಮಾತಾಡಿಸುವ ಸಾರಥಿಯ ಮಾತಿನ ಮಧ್ಯೆ ಬರುವ ಡಾನ್ಸು, ಅದರಲ್ಲೂ ಕುಣಿಯುವ ಕಲಾವಿದೆಯ ಸೊಂಟ ಮಾತ್ರ, ಹಿಂದೆ ಯಾವುದೋ ಸಿನಿಮಾ ಹಾಡು ಅಂಟಿಸಿದ್ದರು. ಆಕೆ ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ಹೇಳಿದ ಕಂದಪದ್ಯ, ಹಾಡಿದ ಹಾಡು ಒಂದೂ ಅದರಲ್ಲಿಲ್ಲ. ಯಾರೋ ಸ್ಟೇಜು ಹತ್ತಿ ಆಕೆಗೆ ನೋಟು ಕೊಟ್ಟು ಕೈ ಬಿಡದೆ ನಿಂತಿದ್ದ. ನೀನು ಅದಕ್ಕೆ ನಗುವ ಇಮೋಜಿ ಒತ್ತಿದ್ದೆ. ನಾನೂ ಅವತ್ತು ಲೋಟ ಹಿಡಿದು ನಕ್ಕವಳೇ, ಅದಕ್ಕೇ ಬೈಯುತ್ತಿಲ್ಲ. ಆದರೆ ಆ ರೀಲ್ ತೆಗೆಸು.

ಮತ್ತೆ ದ್ರೌಪದಿ ವಿಷಯ. ನೀನು ಆ ಪಾತ್ರ ಕೇಳಬೇಡ. ಅಜ್ಜಿ ಬೇಡ ಅಂದರು ಅಂತಲ್ಲ. ಈ ಕಲಾವಿದೆಯರಿಗೆ ದುಡಿಮೆ ಅಂದರೆ ಸುಗ್ಗಿಯಿಂದ ಮಳೆಗಾಲದವರೆಗೆ ಮಾತ್ರ. ಮಳೆ ಹಿಡಿಯಿತು ಅಂದರೆ ಕೂತು ತಿನ್ನಬೇಕು. ಕೊರೊನಾ ಬಂದಾಗ ಎರಡು ಬೇಸಿಗೆ ಪೂರ್ತಿ ಹೋಯಿತು. ಇವತ್ತಿಗೂ ಕೆಲಸ ಏನು ಅಂತ ಕೇಳಿ ಬಾಡಿಗೆ ಮನೆ ಕೊಡದವರಿದ್ದಾರೆ. ನೀನು ರಜೆಯ ಖುಷಿಗೆ ದ್ರೌಪದಿ ಆದರೆ ನಿನಗೆ ಚಪ್ಪಾಳೆ, ಆಕೆಗೆ ಒಂದು ರಾತ್ರಿಯ ಸಂಬಳ ಖೋತಾ. "ನೋಡಿ, ಒಳ್ಳೇ ಮನೆ ಹುಡುಗಿ ಎಷ್ಟು ಚೆನ್ನಾಗಿ ಮಾಡಿದಳು" ಅಂತ ಬೇರೆ ಜನ ಹೇಳುತ್ತಾರೆ. ಆ ಒಳ್ಳೇ ಮನೆ ಅನ್ನುವ ಮಾತು ಯಾರಿಗೆ ಚುಚ್ಚುತ್ತೆ, ಯೋಚನೆ ಮಾಡು.

ನೀನು ದುರ್ಯೋಧನ ಕೇಳು. ನಗಬೇಡ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕೃಷ್ಣನೂ ಹೆಣ್ಣೇ, ಕಂಸನೂ ಹೆಣ್ಣೇ. ಕಂಸ ಅವರದೇ ಪಾತ್ರ. ಮೀಸೆ ಅಂಟಿಸಿ, ಕಿರೀಟ ಇಟ್ಟು ಅವರು ಅಬ್ಬರಿಸಿದರೆ ಎದುರಿಗಿದ್ದ ಗಂಡಸರು ನೆಟ್ಟಗೆ ಕೂರುತ್ತಿದ್ದರಂತೆ. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ದುರ್ಯೋಧನ ಯಾರಿಗಾದರೂ ಆಗಲೇ ಹೋಗಿದ್ದರೆ ಶಕುನಿ ಆದರೂ ಸರಿ. ನಿನ್ನ ನಾಲಿಗೆಗೆ ಅದೇ ಸರಿಹೋಗುತ್ತೆ. ಪಾತ್ರದ ದುಡ್ಡು ನಾನು ಕಳಿಸುತ್ತೇನೆ. ಗಂಡಸರ ಹಾಗೆ ನೀನೂ ಕಟ್ಟು, ರಸೀದಿ ತಗೋ.

ಇನ್ನೊಂದು ಕೆಲಸ ನಿನ್ನದೇ. ಬರುವ ಕಲಾವಿದೆಯರು ಬಣ್ಣ ಹಚ್ಚೋದು ಸ್ಕೂಲಿನ ರೂಮಲ್ಲಿ ಅಲ್ವಾ? ಅದರ ಬಾಗಿಲಿಗೆ ಚಿಲಕ ಇದೆಯಾ, ಹತ್ತಿರದಲ್ಲಿ ಟಾಯ್ಲೆಟ್ ಇದೆಯಾ ನೋಡು. ಪೋಲಿ ಹುಡುಗರು ಕಿಟಕಿ ಹತ್ತಿರ ಸುಳಿಯದ ಹಾಗೆ ನಿಮ್ಮ ಮಾವನನ್ನೇ ಕಾವಲಿಗೆ ಹಾಕು, ಹೆಂಗೂ ಗದೆ ಇರುತ್ತೆ. ಊಟ ನಮ್ಮ ಮನೆಯಲ್ಲೇ ಆಗಲಿ. ಜಗಲಿ ಮೇಲೆ ಅಲ್ಲ, ನಡುಮನೆಯಲ್ಲಿ. ಅಜ್ಜಿ ಗೊಣಗಬಹುದು, ಗೊಣಗಲಿ ಬಿಡು.

ಅಜ್ಜಿ ಜೊತೆ ವಾದ ಮಾಡಬೇಡ. 84 ವರ್ಷದವಳನ್ನು ಸೋಲಿಸಿ ನಿನಗೆ ಏನಾಗಬೇಕು? ಮಧ್ಯಾಹ್ನ ಹಪ್ಪಳಕ್ಕೆ ಕೂತಾಗ ಪಕ್ಕದಲ್ಲಿ ಕೂತು, ದ್ರೌಪದಿ ಮುಡಿ ಹಿಡಿದು ಹಾಡುವ ಹಾಡು ಹೇಗೆ ಶುರುವಾಗುತ್ತೆ ಅಂತ ಸುಮ್ನೆ ಕೇಳು. ಗೊತ್ತಿಲ್ಲ ಅಂದರೆ ನಂಬಬೇಡ. ಹೋದ ವರ್ಷ ಆಸ್ಪತ್ರೆಯಲ್ಲಿ ಅರೆನಿದ್ದೆಯಲ್ಲಿ ಎರಡು ಸಾಲು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನು ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಆ ಹಿತ್ತಾಳೆ ಲೋಟ ಅಟ್ಟದ ಮೇಲೆ ಎಲ್ಲೋ ಇರಬೇಕು, ಕಂಠದಲ್ಲಿ ಒಂದು ನೆಗ್ಗು ಇದೆ. ಹುಡುಕಿ ತೆಗೆದಿಡು. ತೊಳೆಯಬೇಡ, ಹಾಗೇ ಇರಲಿ. ನನಗೆ ಬೇಕು.

ನಿನ್ನ
ದೊಡ್ಡಮ್ಮ