ಇಂಜಿನ್ ಕೂಗ್ತದೆ, ಬೋಟ್ ಓಡೋದಿಲ್ಲ

ಶಿರಸಿ
ಭಾನುವಾರ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ನಿನ್ನೆ ಫೋನಿನಲ್ಲಿ "ಇಂಜಿನ್ ಕೂಗ್ತದೆ ಮಾವ, ಬೋಟ್ ಮಾತ್ರ ಓಡೋದಿಲ್ಲ" ಅಂದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಘಟ್ಟದ ಮೇಲಿನ ನೆಟ್‌ವರ್ಕ್ ಗೊತ್ತಲ್ಲ ನಿನಗೆ. ಇವತ್ತು ಇಂಜಿನ್ ಬಿಚ್ಚುತ್ತೀರಿ ಅಂತ ಅಕ್ಕ ಹೇಳಿದಳು. ಬಿಚ್ಚಬೇಡ. ಕೂತು ಬರೆಯುತ್ತಿದ್ದೇನೆ, ಮೊಮ್ಮಗಳು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾಳೆ.

ತಮಾ, ನಿನ್ನದು ಜೆಟ್ ಬೋಟ್. ಇಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪ್ ಅಡಿಯಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿಸಿ ಬೋಟನ್ನು ಮುಂದೆ ತಳ್ಳುತ್ತದೆ. ಮೊದಲು ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ನೋಡು. ಪೂರ್ತಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ ಎಂದಿಗಿಂತ ಮೇಲೆ ಹಾರಿ, ಬೋಟ್ ಮಾತ್ರ ತೆವಳಿದರೆ ತಪ್ಪು ಪಂಪಿನದು. ಪಂಪಿನೊಳಗೆ ತಿರುಗುವ ರೆಕ್ಕೆಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಹಿಡಿಯಲು ಗಟ್ಟಿ ನೀರು ಸಿಗುತ್ತಿಲ್ಲ ಅಂತ ಅರ್ಥ. ಆರ್‌ಪಿಎಂ ಏರುವುದೇ ಇಲ್ಲ ಅಂದರೆ ಆಗ ಪ್ಲಗ್, ಪೆಟ್ರೋಲ್ ಕಡೆ ಹೋಗು. ಕೂಗುವ ಇಂಜಿನ್ ಚೆನ್ನಾಗಿಯೇ ಇದೆ. ಅದನ್ನು ಬಿಚ್ಚಿ ಏನು ಹುಡುಕುತ್ತೀ?

ನಾನು ಹುಡುಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಕಾರವಾರದ ಬೈತಖೋಲಿನಲ್ಲಿ ಅಷ್ಟು ವರ್ಷ ಮೀನು ಬೋಟಿನ ಇಂಜಿನ್ ಮಾಡಿದವನು, ಜೆಟ್ ಬೋಟ್ ಏನು ಮಹಾ ಅಂದುಕೊಂಡಿದ್ದೆ. ಮೊದಲು ಸಿಕ್ಕಿದ ಬೋಟಿಗೆ ನಿನ್ನದೇ ರೋಗ. ಎರಡು ದಿನ ಹೆಡ್ ಬಿಚ್ಚಿ ಕೂತೆ, ಏನೂ ಸಿಗಲಿಲ್ಲ. ಮೂರನೇ ದಿನ ಬೋಟನ್ನು ದಡಕ್ಕೆ ಎಳೆಸಿ ಅಡಿಯಲ್ಲಿ ಮಲಗಿ ನೋಡಿದರೆ, ನೀರು ಒಳಗೆ ಹೋಗುವ ಗ್ರಿಲ್ಲಿಗೆ ಗೊಬ್ಬರದ ಚೀಲದ ಒಂದು ತುಂಡು ಜೋತು ಬಿದ್ದಿತ್ತು. ಇಂಜಿನ್ ನಿಂತಾಗ ಅದು ಸುಮ್ನೆ ಜೋತಾಡುತ್ತದೆ. ಥ್ರಾಟಲ್ ಕೊಟ್ಟೊಡನೆ ಪಂಪ್ ಎಳೆದುಕೊಂಡು ಗ್ರಿಲ್ಲಿಗೆ ಹಪ್ಪಳದ ಹಾಗೆ ಅಂಟಿಸಿಕೊಳ್ಳುತ್ತದೆ. ಬೋಟಿನವರು ಬೈಯಲಿಲ್ಲ, ಎರಡು ದಿನದ ಮಜೂರಿ ಪೂರಾ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಮೊದಲು ಗ್ರಿಲ್ ನೋಡು. ಅದಕ್ಕೂ ಮೊದಲು ಕೀಲಿ ತೆಗೆದು ನಿನ್ನ ಜೇಬಿಗೆ ಹಾಕು, ಬ್ಯಾಟರಿ ವೈರ್ ಕಳಚು. ಜೊತೆಯ ಹುಡುಗ "ಆಫ್ ಇದೆ" ಅಂದ ಅಂತ ಪಂಪಿನೊಳಗೆ ಕೈ ಹಾಕಬೇಡ. ಇದೊಂದರಲ್ಲಿ ನಿನಗೆ ನನ್ನ ಆಣೆ ಇದೆ.

ಬಲೆಯ ದಾರ ಸುತ್ತಿಕೊಂಡಿದ್ದರೆ ಕತ್ತರಿಸುವ ಗಡಿಬಿಡಿ ಬೇಡ. ದಾರದ ತುದಿಯನ್ನು ಒಬ್ಬ ಎಳೆದು ಹಿಡಿಯಲಿ, ನೀನು ಶಾಫ್ಟನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸು. ಅರ್ಧ ಸಲ ಹಾಗೇ ಬಿಚ್ಚಿಕೊಂಡು ಬರುತ್ತದೆ. ನೈಲಾನ್ ಬಿಸಿಗೆ ಕರಗಿ ಶಾಫ್ಟಿಗೆ ಹತ್ತಿದ್ದರೆ ಪಂಪ್ ಇಳಿಸದೆ ಉಪಾಯವಿಲ್ಲ.

ಗ್ರಿಲ್ ಚೊಕ್ಕ ಇದೆಯಾ? ಹಾಗಾದರೆ ಟಾರ್ಚ್ ಹಿಡಿದು ಇಂಪೆಲ್ಲರಿನ ರೆಕ್ಕೆಗಳನ್ನು ನೋಡು. ನೀರನ್ನು ಮೊದಲು ಸೀಳುವ ಅಂಚು ಮುಖ್ಯ. ಒಂದು ಕಲ್ಲು ಹೊಕ್ಕರೆ ಸಾಕು, ಅಲ್ಲಿ ಹಲ್ಲು ಮುರಿದ ಹಾಗೆ ಆಗಿರುತ್ತದೆ. ಅಂಥ ಬೋಟ್ ಹೊರಡುವಾಗ ಜಾರುತ್ತದೆ, ವೇಗ ಬಂದ ಮೇಲೆ ಹಿಡಿಯುತ್ತದೆ. ರೆಕ್ಕೆಯ ಮೈಮೇಲೆ ಸಣ್ಣ ಸಣ್ಣ ಕುಳಿ ಬಿದ್ದಿದ್ದರೆ ಅದು ಕ್ಯಾವಿಟೇಶನ್. ನೀರು ತಣ್ಣಗಿದ್ದೂ ಕುದಿಯುತ್ತದೆ ಅಂದರೆ ನಂಬುತ್ತೀಯಾ? 30 ಡಿಗ್ರಿಯ ನೀರಿನ ಮೇಲಿನ ಒತ್ತಡ, ಗಾಳಿಯ ಮಾಮೂಲಿ ಒತ್ತಡದ ಶೇ 4ರಷ್ಟಕ್ಕೆ ಇಳಿದರೆ ಅದು ಆವಿಯಾಗುತ್ತದೆ. ರೆಕ್ಕೆಯ ಬೆನ್ನಿಗೆ ಆಗುವುದು ಅದೇ. ಆ ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕೀಳುತ್ತವೆ. ಸಣ್ಣ ಗಾಯವಾದರೆ ದುಂಡು ಅರದಿಂದ ಮೆಲ್ಲಗೆ ಉಜ್ಜಿ ಸರಿಮಾಡು, ಎಲ್ಲ ರೆಕ್ಕೆಗಳ ಆಕಾರ ಒಂದೇ ಹಾಗಿರಲಿ. ಕತ್ತಿಯ ಹಾಗೆ ಮಸೆಯಬೇಡ. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಲಂತೂ ಹೋಗಬೇಡ. ತೂಕ ತಪ್ಪಿ ನಡುಕ ಶುರುವಾದರೆ ಬೇರಿಂಗ್ ಕೂಡ ಹೋಗುತ್ತದೆ.

ಆದರೆ ನಿನ್ನ ಬೋಟಿನ ರೋಗ ವೇರ್ ರಿಂಗಿನದು, ಅಂದರೆ ಇಂಪೆಲ್ಲರಿನ ಸುತ್ತ ಕೂರುವ ಬಳೆ ಸವೆದದ್ದು ಇರಬೇಕು ಅಂತ ನನಗೆ ಗುಮಾನಿ. ದೇವಬಾಗದ ಕಡೆ, ಕಾಳಿಯ ಅಳಿವೆಯಲ್ಲಿ ಓಡಿಸುವ ಬೋಟ್ ಅಲ್ವಾ. ಇಳಿತದ ಹೊತ್ತಿಗೆ ಅಲ್ಲಿ ರೇತಿ ದಿಬ್ಬ ಎಲ್ಲಿ ಏಳುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಮೊಣಕಾಲು ನೀರಿನಲ್ಲೇ ಇಂಜಿನ್ ಶುರು ಮಾಡಿದರೆ ಪಂಪ್ ರೇತಿ, ಚಿಪ್ಪು ಎಲ್ಲ ನುಂಗುತ್ತದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1954ರ ಸುಮಾರಿಗೆ ಈ ಜೆಟ್ ಬೋಟ್ ಮಾಡಿದ್ದೇ ಅಲ್ಲಿಯ ಆಳವಿಲ್ಲದ ಹೊಳೆಗಳಿಗಾಗಿ, ಅದು ನಿಜ. ಹಾಗಂತ ನಿಂತ ಬೋಟನ್ನು ರೇತಿಯ ಮೇಲೇ ಎಬ್ಬಿಸಬಹುದು ಅಂತಲ್ಲ. ಸೊಂಟದ ಮಟ್ಟದ ನೀರಿಗೆ ತಳ್ಳಿಕೊಂಡು ಹೋಗಿ ಶುರು ಮಾಡು.

ರಿಂಗ್ ಸವೆದರೆ ನೀರು ಹಿಂದಕ್ಕೆ ಹೋಗುವ ಬದಲು ರೆಕ್ಕೆಯ ತುದಿ ಸುತ್ತಿ ವಾಪಸ್ ಬರುತ್ತದೆ. ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ಕಣ್ಣಳತೆ ಬೇಡ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಾಕು. ರೆಕ್ಕೆಯ ತುದಿಗೂ ರಿಂಗಿಗೂ ನಡುವೆ ನಾಲ್ಕು ಕಡೆ ಅಳೆ. ಹೊಸದರಲ್ಲಿ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆಯೇ ಇರುತ್ತದೆ. ಒಂದು ಮಿಲಿಮೀಟರ್ ಹತ್ತಿರ ಬಂದಿದ್ದರೆ ಯೋಚನೆ ಮಾಡದೆ ಬದಲಿಸು. ನಿನ್ನ ಮಾಡೆಲ್ಲಿಗೆ ಕಂಪನಿ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಲೆಕ್ಕ, ನನ್ನದಲ್ಲ. ಒಂದು ಕಡೆ ಬಿಗಿ, ಎದುರು ಕಡೆ ಸಡಿಲ ಬಂದರೆ ರಿಂಗ್ ಹಾಕಿ ಕೈತೊಳೆದುಕೊಳ್ಳಬೇಡ. ಬೇರಿಂಗ್ ಹೋಗಿರಬಹುದು, ಇಂಜಿನ್ ಮತ್ತು ಪಂಪಿನ ಸಾಲು ತಪ್ಪಿರಬಹುದು. ಹಾಗೇ ಬಿಟ್ಟರೆ ಹೊಸ ರಿಂಗೂ ಅದೇ ಕಡೆ ಸವೆಯುತ್ತದೆ.

ರಿಂಗ್ ಸರಿ, ರೆಕ್ಕೆ ಸರಿ, ಆದರೂ ಜಾರುತ್ತದೆ ಅಂದರೆ ಎಲ್ಲಿಂದಲೋ ಗಾಳಿ ಹೊಗುತ್ತಿದೆ. ಪಂಪ್ ಬೋಟಿನ ಮೈಗೆ ಕೂರುವ ಜಾಗದ ಸೀಲಂಟ್ ಬಿರುಕು ಬಿಟ್ಟಿರುತ್ತದೆ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ಒರೆಸಿ ಒಣಗಿಸಿ ಹೊಸದು ಹಾಕು. ಹಳೆಯದರ ಮೇಲೇ ಬಳಿದರೆ ಒಂದು ವಾರ ಬಂದೀತು.

ಅಂದಹಾಗೆ, ಬೋಟಿನ ಹೊಟ್ಟೆಯಲ್ಲಿ ನೀರು ನಿಂತಿದೆಯಾ ನೋಡಿದ್ದೀಯಾ? 100 ಲೀಟರ್ ನೀರು ಅಂದರೆ 100 ಕಿಲೋ. ಸುಮ್ನೆ ಒಬ್ಬ ದಪ್ಪ ಗಿರಾಕಿಯನ್ನು ಬಿಟ್ಟಿ ಸುತ್ತಿಸಿದ ಹಾಗೆ.

ಸಂಜೆ ಸಿಹಿನೀರಿನಲ್ಲಿ ತೊಳೆಯುವಾಗ ನೀನು ಮೊದಲು ನಲ್ಲಿ ಬಿಡುವುದನ್ನು ಕಳೆದ ಸಲ ನೋಡಿದೆ, ಎಲ್ಲರೆದುರು ಹೇಳುವುದು ಬೇಡ ಅಂತ ಸುಮ್ಮನಾದೆ. ಕಡಲ ನೀರಿನಿಂದಲೇ ತಣಿಯುವ ಇಂಜಿನ್ ಅದು. ಮೊದಲು ಇಂಜಿನ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ತಿರುವುಮುರುವು ಮಾಡಿದರೆ ನೀರು ಸೈಲೆನ್ಸರ್ ದಾರಿಯಿಂದ ಇಂಜಿನ್ನಿಗೇ ಬರುತ್ತದೆ. ಆಗ ನಿಜವಾಗಿಯೂ ಇಂಜಿನ್ ಬಿಚ್ಚಬೇಕಾಗುತ್ತದೆ.

ನಾಳೆ ಬೆಳಗಿನ ಕಾರವಾರ ಬಸ್ಸಿನಲ್ಲಿ ನನ್ನ ಫೀಲರ್ ಗೇಜ್ ಕಳಿಸುತ್ತೇನೆ. ಅಕ್ಕನಿಗೆ ಅಪ್ಪೆಮಿಡಿ ಉಪ್ಪಿನಕಾಯಿಯೂ ಅದೇ ಚೀಲದಲ್ಲಿದೆ, ಭರಣಿ ಅಡ್ಡ ಮಾಡಬೇಡ. ನಾಲ್ಕೂ ಕಡೆಯ ಅಳತೆ ಬರೆದು ಕಳಿಸು. ಅಲ್ಲಿಯವರೆಗೆ ಇಂಜಿನ್ ಮುಟ್ಟಬೇಡ.

ಇಂತಿ ನಿನ್ನ
ಮಾವ