ಉಚಿತವಾಗಿ ಸಿಕ್ಕ ಸದ್ದಿಗೂ ಒಡೆಯರಿದ್ದಾರೆ

ಸಂಪಾದಕರಿಗೆ,

ಮಾನ್ಯರೇ,

ಸ್ವಂತವಾಗಿ ಸಂಗೀತ ಕಟ್ಟಲು ಮತ್ತು ಚಿಕ್ಕ ವಿಡಿಯೊ ಗೇಮ್‌ಗಳನ್ನು ತಯಾರಿಸಲು ನೆರವಾಗುವ ಜಾಲತಾಣಗಳ ಪಟ್ಟಿಗಳು ಪತ್ರಿಕೆಗಳಲ್ಲೂ ವಿಡಿಯೊಗಳಲ್ಲೂ ಆಗಾಗ ಕಾಣಿಸಿಕೊಳ್ಳುತ್ತವೆ. ಹೊಸಬರಿಗೆ ಅವು ದಾರಿ ತೋರಿಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಹುಪಾಲು ಪಟ್ಟಿಗಳು ‘ಇದು ಉಚಿತ’ ಎಂಬ ಮಾತಿಗೆ ನಿಂತುಬಿಡುತ್ತವೆ. ಹಾಗೆ ಸಿಕ್ಕಿದ್ದನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಎಂಬುದನ್ನು ಹೇಳುವುದಿಲ್ಲ. ಹಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಆಟಗಳನ್ನೂ ಅವುಗಳ ಸಂಗೀತವನ್ನೂ ಒಬ್ಬನೇ ಕೂತು ಮಾಡುತ್ತ ಬಂದ ನಾನು, ನನಗೆ ಪ್ರಿಯವಾದ ಕೆಲವು ತಾಣಗಳ ಬಗ್ಗೆ ಈ ದೃಷ್ಟಿಯಿಂದ ನಾಲ್ಕು ಮಾತು ಬರೆಯಲು ಅವಕಾಶ ಕೋರುತ್ತೇನೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕತ್ತಲು ಕವಿದ ಮನೆಯೊಂದರಲ್ಲಿ ಬೀಗದ ಕೈ ಹುಡುಕುತ್ತ ಸಾಗುವ ಪುಟ್ಟ ಆಟವೊಂದನ್ನು ಏಳೆಂಟು ತಿಂಗಳು ಕೂತು ಮಾಡಿದ್ದೆ. ಹೆಜ್ಜೆಯ ಸಪ್ಪಳ, ಗಾಳಿ, ಗಡಿಯಾರ, ಮಳೆ ಎಂದು ನಲವತ್ತಕ್ಕೂ ಹೆಚ್ಚು ಸದ್ದುಗಳು ಅದರಲ್ಲಿದ್ದವು. ಬಿಡುಗಡೆಗೆ ಎರಡು ದಿನವಿರುವಾಗ, ಯಾರು ಯಾರ ಸದ್ದು ಬಳಸಿದ್ದೇನೆಂದು ನಮೂದಿಸುವ ಪುಟ ಬರೆಯಲು ಕೂತವನಿಗೆ ಕೈಕಾಲೇ ಆಡದಂತಾಯಿತು. ಆಟದ ಭಯವೆಲ್ಲ ಬಾಗಿಲೊಂದು ಕಿರ್ರೆನ್ನುವ ಸದ್ದಿನ ಮೇಲೆ ನಿಂತಿತ್ತು. ಆ ಕಡತದ ಹೆಸರು ‘ಬಾಗಿಲು ಹೊಸದು 2’ ಎಂದಷ್ಟೇ ಇತ್ತು. ಅದನ್ನು ಎಲ್ಲಿಂದ ತಂದೆ, ಮುದ್ರಿಸಿದವರು ಯಾರು, ಹಣಕ್ಕೆ ಮಾರುವ ಆಟದಲ್ಲಿ ಬಳಸಲು ಅವರ ಅನುಮತಿ ಇದೆಯೇ, ಒಂದೂ ನೆನಪಿರಲಿಲ್ಲ. ಎರಡು ರಾತ್ರಿ ತಡಕಾಡಿದರೂ ಮೂಲ ಸಿಗದ ಹನ್ನೊಂದು ಸದ್ದುಗಳನ್ನು ಕಿತ್ತುಹಾಕಬೇಕಾಯಿತು. ಬಾಗಿಲಿನ ಸದ್ದಿಗಾಗಿ ಕೊನೆಗೆ ನನ್ನ ಬಟ್ಟೆ ಬೀರುವಿನ ಕದವನ್ನೇ ನಿಧಾನವಾಗಿ ತೆರೆಯುತ್ತ ಫೋನಿನಲ್ಲಿ ಮುದ್ರಿಸಿಕೊಂಡೆ. 2000ದಿಂದಲೂ ಉಚಿತವಾಗಿ ಸಿಗುತ್ತಿರುವ ಆಡಾಸಿಟಿ ತಂತ್ರಾಂಶದಲ್ಲಿ ಅದರ ವೇಗ ತಗ್ಗಿಸಿದಾಗ ಶ್ರುತಿಯೂ ಇಳಿದು, ದಪ್ಪ ಮರದ ಹೆಬ್ಬಾಗಿಲೇ ತೆರೆದಂತೆ ಕೇಳಿಸಿತು. ಕಳೆದುಕೊಂಡ ಸದ್ದಿಗಿಂತ ಅದು ಚೆನ್ನಾಗಿಯೇ ಇತ್ತು. ಆದರೆ ಉಳಿದ ಹತ್ತಕ್ಕೆ ಅಂಥ ಬದಲಿ ಸಿಗಲಿಲ್ಲ, ಬಿಡುಗಡೆ ಒಂದು ತಿಂಗಳು ಮುಂದೆ ಹೋಯಿತು.

ಇಷ್ಟಾಗಿಯೂ ನಾನು ಮೊದಲು ಹೆಸರಿಸುವ ತಾಣ ಫ್ರೀಸೌಂಡ್. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ಸಂಶೋಧನಾ ಬಳಗ 2005ರಲ್ಲಿ ಆರಂಭಿಸಿದ ಈ ಭಂಡಾರದಲ್ಲಿ ಜಗತ್ತಿನ ನಾನಾ ಕಡೆಯವರು ತಾವೇ ಮುದ್ರಿಸಿದ ಸದ್ದುಗಳನ್ನು ತಂದಿಟ್ಟಿದ್ದಾರೆ. ಅಲ್ಲಿನ ಸದ್ದುಗಳು ಬಹುಮಟ್ಟಿಗೆ ಮೂರು ಬಗೆಯ ಕ್ರಿಯೇಟಿವ್ ಕಾಮನ್ಸ್ (ಕೃತಿಯನ್ನು ಹೇಗೆ ಬಳಸಬಹುದೆಂದು ಕರ್ತೃವೇ ಮೊದಲೇ ತಿಳಿಸಿ ಎಲ್ಲರಿಗೂ ಕೊಡುವ ಸಿದ್ಧ ಪರವಾನಗಿ) ಷರತ್ತುಗಳಲ್ಲಿ ಸಿಗುತ್ತವೆ. ಸಿಸಿ ಜೀರೋ ಎಂದಿದ್ದರೆ ಮುದ್ರಿಸಿದವರು ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದಾರೆ ಎಂದರ್ಥ. ಹೆಸರು ಹೇಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಆಟ್ರಿಬ್ಯೂಷನ್ ಎಂದಿದ್ದರೆ ಕರ್ತೃವಿನ ಹೆಸರನ್ನೂ ಪರವಾನಗಿಯ ಕೊಂಡಿಯನ್ನೂ ಕೊಟ್ಟು, ನಾವು ಅದನ್ನು ಕತ್ತರಿಸಿದ್ದರೆ ಅಥವಾ ಬದಲಿಸಿದ್ದರೆ ಆ ವಿಷಯವನ್ನೂ ತಿಳಿಸಬೇಕು. ನಾನ್‌ಕಮರ್ಷಿಯಲ್ ಎಂಬ ಪದವೂ ಸೇರಿಕೊಂಡಿದ್ದರೆ ಅದನ್ನು ವ್ಯಾಪಾರದ ಉದ್ದೇಶಕ್ಕೆ ಬಳಸುವಂತಿಲ್ಲ. ಇಂದು ಉಚಿತವಾಗಿ ಹಂಚುವ ಆಟವನ್ನು ನಾಳೆ ಮಾರುವ ಮನಸ್ಸಾದರೂ ಆಗಬಹುದು. ಆದ್ದರಿಂದ ಈ ಮೂರನೆಯ ಬಗೆಯನ್ನು ನಾನು ಮುಟ್ಟುವುದೇ ಇಲ್ಲ. ಹುಡುಕಾಟದ ಪುಟದಲ್ಲೇ ಪರವಾನಗಿಯ ಪ್ರಕಾರ ಸೋಸಿಕೊಳ್ಳುವ ಅನುಕೂಲವಿರುವುದರಿಂದ ಇದೇನೂ ಕಷ್ಟದ ಕೆಲಸವಲ್ಲ.

ಈ ತಾಣದ ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ಅಲ್ಲಿಂದ ಇಳಿಸಿಕೊಂಡ ಕಡತದ ಹೆಸರಿನ ಆರಂಭದಲ್ಲಿ ಒಂದು ಸಂಖ್ಯೆ, ಅದರ ಬೆನ್ನಿಗೆ ಅದನ್ನು ಇಟ್ಟವರ ಬಳಕೆದಾರ ಹೆಸರು, ಆಮೇಲೆ ಸದ್ದಿನ ಹೆಸರು ಇರುತ್ತದೆ. ಆ ಸಂಖ್ಯೆಯೊಂದೇ ಸಾಕು, ಮೂಲ ಪುಟಕ್ಕೆ ಮರಳಿ ಹೋಗಲು. ಉದ್ದವಾಯಿತೆಂದು ಆ ಹೆಸರನ್ನು ಅಳಿಸಿ ನನ್ನ ಹೆಸರು ಕೊಡುತ್ತ ಹೋದದ್ದೇ ನನಗೆ ಮುಳುವಾಯಿತು. ಈಗ ಪ್ರತಿ ಆಟದ ಫೋಲ್ಡರಿನಲ್ಲೂ ಒಂದು ಸಾದಾ ಪಠ್ಯ ಕಡತ ಇರುತ್ತದೆ. ಸದ್ದು ಇಳಿಸಿಕೊಂಡ ಕ್ಷಣದಲ್ಲೇ ಅದರ ಮೂಲ ಹೆಸರು, ಪುಟದ ವಿಳಾಸ, ಪರವಾನಗಿ ಮತ್ತು ಅದರ ಆವೃತ್ತಿ, ಇಳಿಸಿಕೊಂಡ ದಿನಾಂಕ ಇವನ್ನು ಒಂದು ಸಾಲಿನಲ್ಲಿ ಬರೆದುಕೊಂಡ ಮೇಲೆಯೇ ಅದನ್ನು ಆಟಕ್ಕೆ ಸೇರಿಸುತ್ತೇನೆ. ದಿನಾಂಕ ಯಾಕೆಂದು ಕೆಲವರು ಕೇಳುವುದುಂಟು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ, ಅದರ ಷರತ್ತುಗಳನ್ನು ಪಾಲಿಸುವವರಿಂದ ಅದನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಆದರೆ ಕರ್ತೃ ಆ ಪುಟವನ್ನೇ ಅಳಿಸಿಹಾಕಬಹುದು, ಮುಂದೆ ಬೇರೆ ಷರತ್ತಿನ ಮೇಲೆ ಹಂಚಬಹುದು. ಆಗ ನಾವು ಅದನ್ನು ಯಾವ ಷರತ್ತಿನ ಮೇಲೆ ಪಡೆದಿದ್ದೆವು ಎಂದು ತೋರಿಸಲು ನಮ್ಮ ಕೈಯಲ್ಲಿರುವುದು ಆ ಒಂದು ಸಾಲು ಮಾತ್ರ.

ಚಿತ್ರಗಳಿಗೂ ಸಂಗೀತಕ್ಕೂ ಓಪನ್‌ಗೇಮ್‌ಆರ್ಟ್ ಒಳ್ಳೆಯ ತಾಣ. ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತಿನ ಕೃತಿಗಳನ್ನು ಅಲ್ಲಿ ಸೇರಿಸಿಕೊಳ್ಳುವುದೇ ಇಲ್ಲವಾದ್ದರಿಂದ ಒಂದು ಚಿಂತೆ ಕಡಿಮೆಯಾಗುತ್ತದೆ. ಆದರೆ ಶೇರ್‌ಅಲೈಕ್ ಎಂಬ ಷರತ್ತು ಅಲ್ಲಿ ಸಾಕಷ್ಟು ಕಡೆ ಎದುರಾಗುತ್ತದೆ. ಅಂಥ ಕೃತಿಯನ್ನು ಮಾರ್ಪಡಿಸಿ ಹಂಚಿದರೆ ನಮ್ಮ ಮಾರ್ಪಾಡನ್ನೂ ಅದೇ ಷರತ್ತಿನ ಮೇಲೆ ಹಂಚಬೇಕು. ಇದ್ಯಾವ ಗೋಜೂ ಬೇಡವೆನ್ನುವವರಿಗೆ ಕೆನ್ನಿ ಎಂಬ ಡಚ್ ತಾಣವಿದೆ. ಅಲ್ಲಿನ ಸಾವಿರಾರು ಚಿತ್ರಗಳು, ಗುಂಡಿ ಒತ್ತಿದ ಸದ್ದುಗಳು, ಮೂರು ಆಯಾಮದ ಆಕೃತಿಗಳು ಸಿಸಿ ಜೀರೋ ಅಡಿಯಲ್ಲಿವೆ.

ಬೇರೆಯವರ ಸದ್ದೇ ಬೇಡ, ನಮ್ಮದನ್ನು ನಾವೇ ಮಾಡಿಕೊಳ್ಳೋಣ ಎನ್ನುವವರು ಎಸ್‌ಎಫ್‌ಎಕ್ಸ್‌ಆರ್ ಎಂಬ ಪುಟ್ಟ ಸಾಧನವನ್ನು ನೋಡಲೇಬೇಕು. ಅದು ಹುಟ್ಟಿದ ಕಾರಣ ನನಗೆ ತುಂಬ ಇಷ್ಟ. 2002ರಲ್ಲಿ ಶುರುವಾದ ಲೂಡಮ್ ಡೇರ್ ಎಂಬ ಆಟ ತಯಾರಿಕೆಯ ಸ್ಪರ್ಧೆಯಲ್ಲಿ ಒಬ್ಬರೇ ಕೂತು 48 ಗಂಟೆಗಳಲ್ಲಿ ಆಟದ ಚಿತ್ರ, ಸದ್ದು, ಸಂಗೀತ ಎಲ್ಲವನ್ನೂ ಹೊಸದಾಗಿ ಮಾಡಬೇಕಿತ್ತು. ಸದ್ದು ಮಾಡಲು ಸಮಯವೇ ಸಾಲದೆಂದು ಟೊಮಾಸ್ ಪೆಟರ್ಸನ್ ಎಂಬುವರು 2007ರ ಡಿಸೆಂಬರ್ ಸ್ಪರ್ಧೆಯ ಹೊತ್ತಿಗೆ ಇದನ್ನು ಬರೆದುಕೊಟ್ಟರು. ನಾಣ್ಯ, ಜಿಗಿತ, ಸ್ಫೋಟ ಎಂದು ಬರೆದ ಗುಂಡಿಗಳಿರುತ್ತವೆ. ಒಂದನ್ನು ಒತ್ತಿದಷ್ಟೂ ಸಲ ಅದೇ ಜಾತಿಯ ಹೊಸ ಸದ್ದು ಬರುತ್ತದೆ. ನಾಣ್ಯದ ಗುಂಡಿ ಒತ್ತಿ ಪಕ್ಕದ ಸ್ಲೈಡರ್‌ಗಳನ್ನು ಗಮನಿಸಿದರೆ ಗುಟ್ಟು ತಿಳಿಯುತ್ತದೆ: ಒಂದು ಚಿಕ್ಕ ಸ್ವರ ಹುಟ್ಟಿ, ಅರೆಕ್ಷಣದೊಳಗೆ ಥಟ್ಟನೆ ಮೇಲಿನ ಸ್ವರಕ್ಕೆ ಹಾರಿ, ಅಲ್ಲೇ ಕರಗುತ್ತದೆ. ಆ ಹಾರಿಕೆಯನ್ನು ಕೆಳಮುಖ ಮಾಡಿದರೆ ಅದೇ ಸದ್ದು ಸೋಲಿನ ಸದ್ದಾಗುತ್ತದೆ. ಸ್ವರದ ಏರಿಳಿತಕ್ಕೂ ಭಾವಕ್ಕೂ ಇರುವ ನಂಟನ್ನು ಹೊಸಬರಿಗೆ ಇಷ್ಟು ಬೇಗ ಮನವರಿಕೆ ಮಾಡಿಕೊಡುವ ಸಾಧನ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಈಗ ಅದರ ರೂಪಾಂತರಗಳು ಬ್ರೌಸರಿನಲ್ಲೇ ನಡೆಯುತ್ತವೆ.

ಸಂಗೀತ ಕಟ್ಟಲು ನಾನು ಶಿಫಾರಸು ಮಾಡುವ ಕ್ರಮ ಸರಳವಾದದ್ದು. ಏಬಲ್ಟನ್ ಸಂಸ್ಥೆಯ ಲರ್ನಿಂಗ್ ಮ್ಯೂಸಿಕ್ ಎಂಬ ತಾಣದಲ್ಲಿ ಚೌಕಗಳನ್ನು ತುಂಬುತ್ತ ತಾಳ, ಸ್ವರ, ಸ್ವರಮೇಳಗಳ ಪರಿಚಯ ಮಾಡಿಕೊಳ್ಳಬಹುದು. ಯಾವ ತಂತ್ರಾಂಶವನ್ನೂ ಹಾಕಿಕೊಳ್ಳಬೇಕಿಲ್ಲ. ಆಮೇಲೆ ಬೀಪ್‌ಬಾಕ್ಸ್‌ಗೆ ಬರಬಹುದು. ಅಲ್ಲಿ ಕಟ್ಟಿದ ಹಾಡಿನ ಅಷ್ಟೂ ಮಾಹಿತಿ ಪುಟದ ವಿಳಾಸದೊಳಗೇ ಸೇರಿಕೊಳ್ಳುವುದರಿಂದ, ವಿಳಾಸವನ್ನು ಸ್ನೇಹಿತರಿಗೆ ಕಳಿಸಿದರೆ ಹಾಡನ್ನೇ ಕಳಿಸಿದಂತೆ. ಕೈ ಪಳಗಿದ ಮೇಲೆ ಎಲ್‌ಎಂಎಂಎಸ್ ಎಂಬ ಮುಕ್ತ ತಂತ್ರಾಂಶ (ಒಳಗಿನ ಸಂಕೇತವನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದಾದದ್ದು) ಸಾಕಷ್ಟು ದೂರ ಕರೆದೊಯ್ಯುತ್ತದೆ. ಮುಕ್ತ ತಂತ್ರಾಂಶದಲ್ಲಿ ಕಟ್ಟಿದ ಹಾಡು ಕಟ್ಟಿದವರದೇ, ತಂತ್ರಾಂಶದ ಪರವಾನಗಿ ಹಾಡಿಗೆ ಅಂಟಿಕೊಳ್ಳುವುದಿಲ್ಲ. ಆದರೆ ಅದರೊಳಗೆ ಹೊರಗಿನ ತುಣುಕು ಸೇರಿಸಿದರೆ ಆ ತುಣುಕಿನ ಷರತ್ತು ಖಂಡಿತ ಜೊತೆಗೇ ಬರುತ್ತದೆ.

ಆಟದ ಸಂಗೀತದಲ್ಲಿ ಹೊಸಬರನ್ನು ಕಾಡುವುದು ಲೂಪ್. ಹಾಡು ಮುಗಿದು ಮತ್ತೆ ಮೊದಲಾಗುವಾಗ ಕೂದಲೆಳೆಯಷ್ಟು ಮೌನ ಕೇಳಿಸಿದರೂ ಆಟದ ಮಾಯೆ ಒಡೆಯುತ್ತದೆ. ಎಂಪಿ3 ಮಾಡುವಾಗ ಕಡತದ ಎರಡೂ ತುದಿಗೆ ಕೊಂಚ ಮೌನ ಸೇರಿಕೊಳ್ಳುವುದೇ ಇದಕ್ಕೆ ಸಾಮಾನ್ಯ ಕಾರಣ. ಓಗ್ ವೋರ್ಬಿಸ್ ಅಥವಾ ವೇವ್ ರೂಪದಲ್ಲಿ ಉಳಿಸಿದರೆ ಈ ತೊಂದರೆಯಿಲ್ಲ. ಕೊನೆಯ ಸ್ವರದ ಅನುರಣನ ಕತ್ತರಿಸಿದಂತೆ ಕೇಳುತ್ತಿದ್ದರೆ ಹಾಡನ್ನು ಎರಡು ಸಲ ಸತತವಾಗಿ ನುಡಿಸಿ ಮುದ್ರಿಸಿಕೊಂಡು, ಎರಡನೆಯ ಸುತ್ತನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಬೇಕು. ಆಗ ಹಿಂದಿನ ಸುತ್ತಿನ ಬಾಲ ಈ ಸುತ್ತಿನ ತಲೆಯೊಳಗೆ ಬೆರೆತಿರುತ್ತದೆ.

ಹಳೆಯ ಶಾಸ್ತ್ರೀಯ ರಚನೆಗಳನ್ನು ಬಳಸುವವರಿಗೂ ಒಂದು ಎಚ್ಚರಿಕೆ ಅಗತ್ಯ. ಇನ್ನೂರು ವರ್ಷದ ಹಿಂದಿನ ರಚನೆಯ ಮೇಲೆ ಯಾರ ಹಕ್ಕೂ ಉಳಿದಿರದಿರಬಹುದು, ಆದರೆ ಇತ್ತೀಚೆಗೆ ಯಾರೋ ಅದನ್ನು ನುಡಿಸಿ ಮಾಡಿದ ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಕ್ಕು ಇರುತ್ತದೆ. ರಚನೆ ಹಳೆಯದೆಂಬ ಧೈರ್ಯದಿಂದ ಮುದ್ರಣವನ್ನು ಎತ್ತಿಕೊಂಡವರನ್ನು ನಾನು ನೋಡಿದ್ದೇನೆ.

ಆಟ ಕಟ್ಟಲು ಬೇಕಾದ ಸೌಲಭ್ಯಗಳನ್ನು ಒಂದೆಡೆ ಕೊಡುವ ತಂತ್ರಾಂಶಗಳಾದ ಗೇಮ್ ಎಂಜಿನ್‌ಗಳಲ್ಲಿ ನನ್ನ ಒಲವು ಗೋಡೋ ಕಡೆಗೆ. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಂಜೂರ್ ರೂಪಿಸಿದ ಈ ಎಂಜಿನ್ 2014ರಲ್ಲಿ ಎಂಐಟಿ ಎಂಬ ಉದಾರ ಪರವಾನಗಿಯಡಿ ಮುಕ್ತವಾಯಿತು. ಆಟದಿಂದ ಬಂದ ಹಣದಲ್ಲಿ ಅದಕ್ಕೆ ಪಾಲು ಕೊಡಬೇಕಿಲ್ಲ. ಅದರ ಪರವಾನಗಿಯ ಪಠ್ಯವನ್ನು ಆಟದ ಜೊತೆ ಎಲ್ಲಾದರೂ ಸೇರಿಸಿದರಾಯಿತು. 2023ರ ನಾಲ್ಕನೆಯ ಆವೃತ್ತಿಯಿಂದೀಚೆಗೆ ಒತ್ತಕ್ಷರಗಳಿರುವ ಲಿಪಿಗಳನ್ನೂ ಅದು ಸರಿಯಾಗಿ ಜೋಡಿಸಿ ತೋರಿಸುತ್ತದೆ ಎಂಬುದು ನನ್ನಂಥವರಿಗೆ ಸಣ್ಣ ಸಂತೋಷವಲ್ಲ. ಅದರ ಅಧಿಕೃತ ಕೈಪಿಡಿಯಲ್ಲಿ, ಎದುರಾಗುವ ಜೀವಿಗಳಿಂದ ತಪ್ಪಿಸಿಕೊಳ್ಳುವ ಪುಟ್ಟ ಆಟವೊಂದನ್ನು ಮೊದಲ ಪಾಠವಾಗಿ ಕಲಿಸುತ್ತಾರೆ. ಆ ಆಟದ ಹಿನ್ನೆಲೆ ಸಂಗೀತ ಕ್ರಿಯೇಟಿವ್ ಕಾಮನ್ಸ್ ಷರತ್ತಿನ ಮೇಲೆ ಪಡೆದದ್ದು, ಕರ್ತೃವಿನ ಹೆಸರು ಅಲ್ಲೇ ನಮೂದಾಗಿದೆ. ಪಾಠ ಮುಗಿಸಿದ ಅದೆಷ್ಟೋ ಮಂದಿ ಆ ಸಾಲನ್ನು ಓದಿರುವುದಿಲ್ಲ ಎಂಬುದೇ ನನ್ನ ಕೊರಗು.

ಮಾಡಿದ ಆಟವನ್ನು ಲೋಕಕ್ಕೆ ತೋರಿಸಲು 2013ರಲ್ಲಿ ಆರಂಭವಾದ ಇಚ್ ಐಓ ತಾಣವಿದೆ. ಬೆಲೆಯನ್ನು ಸೊನ್ನೆಯಿಂದ ಶುರು ಮಾಡಿ, ಇಷ್ಟವಿದ್ದವರು ಹೆಚ್ಚು ಕೊಡಲಿ ಎಂದು ಬಿಡಬಹುದು. ತಾಣಕ್ಕೆ ಎಷ್ಟು ಪಾಲು ಎಂಬುದನ್ನೂ ನಾವೇ ನಿರ್ಧರಿಸಬಹುದು. ಅಲ್ಲಿ ನಿರಂತರವಾಗಿ ನಡೆಯುವ, ಗೊತ್ತುಪಡಿಸಿದ ಅವಧಿಯೊಳಗೆ ಆಟ ಮಾಡಿ ಮುಗಿಸಬೇಕಾದ ಗೇಮ್ ಜಾಮ್‌ಗಳಲ್ಲಿ ಸೇರಿಕೊಳ್ಳುವುದು ಆರಂಭಿಸಿದ್ದನ್ನು ಮುಗಿಸಲು ಒಳ್ಳೆಯ ಉಪಾಯ. 2018ರಲ್ಲಿ ಬಂದು ಹೆಸರು ಮಾಡಿದ ಸೆಲೆಸ್ಟ್ ಎಂಬ ಆಟವೂ ಮೊದಲು ನಾಲ್ಕೇ ದಿನಗಳಲ್ಲಿ ಹಳೆಯ ಗೇಮ್ ಯಂತ್ರಗಳಂತೆ ವರ್ತಿಸುವ ಪಿಕೋ-8 ಎಂಬ ತಂತ್ರಾಂಶ ಸಾಧನದಲ್ಲಿ ಇಬ್ಬರು ಸೇರಿ ಮಾಡಿದ ಕಿರು ಆಟವಾಗಿತ್ತು. ಆ ಸಾಧನದ ಪರದೆ ಅಡ್ಡಕ್ಕೂ ಉದ್ದಕ್ಕೂ 128 ಚುಕ್ಕಿಗಳಷ್ಟು, ಬಣ್ಣ 16, ಏಕಕಾಲಕ್ಕೆ ನುಡಿಯುವ ಸದ್ದು ನಾಲ್ಕು. ಅದಕ್ಕೆ ಹಣ ಕೊಡಬೇಕು. ಹೆಚ್ಚುಕಡಿಮೆ ಅದೇ ಬಗೆಯ ಟಿಕ್-80 ಮುಕ್ತವಾಗಿ ಸಿಗುತ್ತದೆ.

ಸದ್ದನ್ನು ಮುದ್ರಿಸಲು ಯಾರೋ ನಸುಕಿನಲ್ಲಿ ಎದ್ದು ಕೆರೆಯ ದಡಕ್ಕೆ ಮೈಕು ಹೊತ್ತು ಹೋಗಿರುತ್ತಾರೆ. ಅವರು ಕೇಳುವುದು ಹೆಚ್ಚೆಂದರೆ ಒಂದು ಸಾಲಿನ ಉಲ್ಲೇಖ. ಆದ್ದರಿಂದ ನನ್ನ ವಿನಂತಿ ಇಷ್ಟು: ನಿಮ್ಮ ಪತ್ರಿಕೆಯಲ್ಲಿ ಇಂಥ ತಾಣಗಳನ್ನು ಮುಂದೆ ಪರಿಚಯಿಸುವಾಗ ಪ್ರತಿಯೊಂದರ ಹೆಸರಿನ ಪಕ್ಕದಲ್ಲಿ, ಅಲ್ಲಿನ ವಸ್ತುಗಳು ಯಾವ ಪರವಾನಗಿಯಲ್ಲಿ ಸಿಗುತ್ತವೆ, ಹೆಸರು ಹೇಳಬೇಕೇ, ಮಾರುವ ಆಟದಲ್ಲಿ ಬಳಸಬಹುದೇ ಎಂಬುದನ್ನೂ ದಯವಿಟ್ಟು ಒಂದು ಸಾಲಿನಲ್ಲಿ ಮುದ್ರಿಸಿ.

ಇತಿ,
ತಮ್ಮ ಓದುಗರಲ್ಲೊಬ್ಬ