ವಿಂಡೋಸ್ ಬದಲಿಸುವ ಮುನ್ನ ಹಾಡುಗಳನ್ನು ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೆ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗಿನಿಂದ ‘ಕೂಡಲೇ 11 ಹಾಕಿಸಿ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಹಣದ ವ್ಯವಹಾರ ನಡೆಯುವ ಕಂಪ್ಯೂಟರಿಗೆ ಅದು ಸರಿಯಾದ ಮಾತೇ. ಆದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಒಂದೇ ಕೋಣೆಯಲ್ಲಿ ಭಜನೆ, ತತ್ವಪದ, ಮೊಹರಂ ಪದ, ದೊಡ್ಡಾಟದ ಹಾಡು ರೆಕಾರ್ಡ್ ಮಾಡುವವರು ಮಾತ್ರ ಸ್ವಲ್ಪ ತಡೆದು ಓದಬೇಕು.

ಕೈಕೊಡುವುದು ಹೆಚ್ಚಾಗಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಅಲ್ಲ, ಸೌಂಡ್ ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ಪುಟ್ಟ ಸಾಫ್ಟ್‌ವೇರ್. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. 32 ಬಿಟ್‌ನ ಹಳೆಯ ಸಾಫ್ಟ್‌ವೇರ್ ಅದರಲ್ಲಿ ಓಡೀತು, 32 ಬಿಟ್‌ನ ಡ್ರೈವರ್ ಓಡದು. 64 ಬಿಟ್ ಡ್ರೈವರ್ ಇದ್ದರೂ ಹೊಸದಾಗಿ ಹಾಕಿದ 11ರಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಸಾಮಾನ್ಯವಾಗಿ ಚಾಲೂ ಇರುತ್ತದೆ, ಹಳೆಯದನ್ನು ಒಳಗೆ ಬಿಡದೆ ಇರಬಹುದು. ಆದ್ದರಿಂದ ಮೊದಲು ಕಾರ್ಡ್ ತಯಾರಕರ ವೆಬ್‌ಸೈಟಿನಲ್ಲಿ ನಿಮ್ಮದೇ ಮಾಡೆಲ್‌ಗೆ 11ರ ಡ್ರೈವರ್ ಇದೆಯೇ ನೋಡಿ, ಇಳಿಸಿ ಪೆನ್‌ಡ್ರೈವಿನಲ್ಲಿಡಿ. ಇಲ್ಲದಿದ್ದರೆ ಏಸಿಯೋ4ಆಲ್‌ನಂಥ ಸಾಮಾನ್ಯ ಡ್ರೈವರ್ ಒಂದು ದಾರಿ. ಆದರೆ ವಿಂಡೋಸ್ ಗುರುತು ಹಿಡಿಯದ ಕಾರ್ಡಿಗೆ ಅದೂ ಜೀವ ಕೊಡದು.

ಎರಡನೆಯದು ಪ್ಲಗಿನ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಜೋಡಿಸುವ ಪುಟ್ಟ ಸಲಕರಣೆ. ಪ್ರಾಜೆಕ್ಟ್ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಕೆಲಸದ ಲೆಕ್ಕಪತ್ರ ಮಾತ್ರ. ಎಕೋ, ರಿವರ್ಬ್ ಮಾಡುವ ಪ್ಲಗಿನ್ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹಾಡು ಬೋಳಾಗಿ ಕೇಳುತ್ತದೆ. 64 ಬಿಟ್‌ನ ಅನೇಕ ಸಾಫ್ಟ್‌ವೇರ್‌ಗಳು 32 ಬಿಟ್ ಪ್ಲಗಿನ್ ತೆರೆಯುವುದಿಲ್ಲ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಸೇತುವೆ ಹಾಕಿ ತೆರೆಯುತ್ತದೆ. ಮ್ಯಾಕ್‌ನಲ್ಲಂತೂ 2019ರ ಕ್ಯಾಟಲೀನಾದಿಂದ 32 ಬಿಟ್‌ಗೆ ಬಾಗಿಲೇ ಮುಚ್ಚಿದೆ. ಅಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ತೊಡಕು: 2021ರಲ್ಲಿ ಬಂದ 3.0ರಿಂದ ಪ್ರಾಜೆಕ್ಟುಗಳು ಎಯುಪಿ3 ಎಂಬ ಒಂದೇ ಫೈಲಿನಲ್ಲಿ ಉಳಿಯುತ್ತವೆ. ಹಳೆಯ ಎಯುಪಿ ಹೊಸದರಲ್ಲಿ ತೆರೆಯುತ್ತದೆ, ಹೊಸದು 2ನೇ ಸರಣಿಯ ಅಡಾಸಿಟಿಯಲ್ಲಿ ತೆರೆಯದು. ಎಯುಪಿ ಫೈಲನ್ನಷ್ಟೇ ಕಾಪಿ ಮಾಡಿ ಪಕ್ಕದ ‘ಡೇಟಾ’ ಫೋಲ್ಡರ್ ಬಿಟ್ಟರೆ ಸಿಗುವುದು ಖಾಲಿ ಚೀಲ.

ಆದಕಾರಣ ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವ ಹಾಗೆ ಪ್ಲಗಿನ್ ಸಮೇತ ಒಂದು, ಪ್ಲಗಿನ್ ಇಲ್ಲದೆ ಒಂದು, ಎರಡು ಬಗೆಯಲ್ಲಿ 24 ಬಿಟ್ ವೇವ್ ಮಾಡಿಡಿ. ವೇವ್ ಬಹುತೇಕ ಎಲ್ಲ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲೂ ತೆರೆಯುತ್ತದೆ. 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ ಸದ್ದನ್ನು ಅಳೆದು) ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ ಆಗುತ್ತದೆ. ಎಂಟು ಮೈಕಿನ ಮೂರು ತಾಸಿನ ಆಟಕ್ಕೆ ಸುಮಾರು 12.4 ಜಿಬಿ, ಎರಡೂ ಬಗೆ ಸೇರಿದರೆ ಅದರ ಇಮ್ಮಡಿ. ಬೆಳತನಕ ನಡೆಯುವ ದೊಡ್ಡಾಟವನ್ನು ಒಂದೇ ಸ್ಟೀರಿಯೋ ಫೈಲಾಗಿ ಹಿಡಿದವರು ನೆನಪಿಡಬೇಕು: ನಾಲ್ಕು ತಾಸು ದಾಟುತ್ತಲೇ ಅದು 4 ಜಿಬಿ ಮೀರುತ್ತದೆ, ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಅದನ್ನು ತೆಗೆದುಕೊಳ್ಳುವುದಿಲ್ಲ. ಸಾಮಾನ್ಯ ವೇವ್ ಫೈಲಿಗೂ ಅಷ್ಟೇ ಮಿತಿ, ಆದ್ದರಿಂದ ಅದನ್ನು ಎರಡು ಮೂರು ತುಂಡು ಮಾಡಿ ಉಳಿಸಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಹಳೆಯ ಕೆಲವು ಸಾಫ್ಟ್‌ವೇರ್‌ಗಳಿಗೆ ಕನ್ನಡದ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆ. ಕನ್ನಡಿಗರೇ ಇದನ್ನು ಬರೆಯಬೇಕಾಗಿದೆ, ಏನು ಮಾಡುವುದು.

ಸಾಫ್ಟ್‌ವೇರಿನ ಲೈಸೆನ್ಸ್ ಕಂಪ್ಯೂಟರಿಗೆ ಗಂಟುಬಿದ್ದಿದ್ದರೆ ಫಾರ್ಮ್ಯಾಟಿಗೆ ಮುಂಚೆ ಅದನ್ನು ಬಿಡಿಸಿಕೊಳ್ಳಿ.

ಹೊಸದು ಹಾಕಿದ ಮೇಲೆ ಮೈಕ್ ಸತ್ತಂತೆ ಕಂಡರೆ ಕೇಬಲ್ ಕಿತ್ತು ನೋಡುವ ಮೊದಲು ಸೆಟ್ಟಿಂಗ್ಸ್‌ನ ಪ್ರೈವೆಸಿಗೆ ಹೋಗಿ, ಮೈಕ್ರೋಫೋನ್ ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಇದೆಯೇ ನೋಡಿ. ಹಾಡು ಶ್ರುತಿ ತಪ್ಪಿ ಓಡಿದರೆ ಗಾಯಕರನ್ನು ಬೈಯಬೇಡಿ: 44,100 ಹರ್ಟ್ಸ್‌ನಲ್ಲಿ ಹಿಡಿದದ್ದನ್ನು ಕಾರ್ಡ್ 48,000 ಹರ್ಟ್ಸ್‌ನಲ್ಲಿ ನುಡಿಸುತ್ತಿರಬಹುದು. ಆಗ ಕರಿ ಒಂದರ ಹಾಡು ಬಿಳಿ ಎರಡು ಮತ್ತು ಕರಿ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಹಾರ್ಮೋನಿಯಂ ಜೊತೆ ಎಂದೂ ಕೂಡದು. ಕಾರ್ಡ್, ವಿಂಡೋಸ್, ಪ್ರಾಜೆಕ್ಟ್ ಮೂರರಲ್ಲೂ ಒಂದೇ ಸಂಖ್ಯೆ ಇಡಿ. ಚಟಚಟ ಸದ್ದು ಬಂದರೆ ಬಫರನ್ನು (ಸದ್ದನ್ನು ಕ್ಷಣಕಾಲ ಕೂಡಿಡುವ ಜಾಗವನ್ನು) 128ರಿಂದ 512ಕ್ಕೆ ಏರಿಸಿ, ಪವರ್ ಪ್ಲಾನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ವಿದ್ಯುತ್ ಉಳಿಸಲು ಯುಎಸ್‌ಬಿಯನ್ನು ಮಲಗಿಸುವ ಸೌಲಭ್ಯ) ಆಫ್ ಮಾಡಿ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಲ್ಯಾಪ್‌ಟಾಪ್ ಕಾದು ತಾನಾಗಿ ವೇಗ ಇಳಿಸಿಕೊಂಡರೂ ಇದೇ ಸದ್ದು ಬರುತ್ತದೆ. ಆಗ ಸೆಟ್ಟಿಂಗ್ ಬದಲಿಸಿದರೆ ಪ್ರಯೋಜನವಿಲ್ಲ, ಫ್ಯಾನಿನ ದೂಳು ತೆಗೆಯಬೇಕು.

10ರ ಮೇಲೇ ಹಾಕಿದ 11 ಹಿಡಿಸದಿದ್ದರೆ ‘ಗೋ ಬ್ಯಾಕ್’ ಒತ್ತಿ ಹಿಂದಿರುಗಲು ಸಿಗುವುದು ಹತ್ತೇ ದಿನ. ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇದ್ದರೆ, ಕೆಲವೇ ಮಾದರಿಗಳನ್ನು ಬಿಟ್ಟು, 11 ಅಧಿಕೃತವಾಗಿ ಕೂರುವುದೇ ಇಲ್ಲ. ಅಂಥ ಕಂಪ್ಯೂಟರನ್ನು ಗುಜರಿಗೆ ಹಾಕದೆ ಇಂಟರ್‌ನೆಟ್ ತಂತಿ ಕಿತ್ತು, ವೈಫೈ ಆರಿಸಿ ಬರೀ ರೆಕಾರ್ಡಿಂಗಿಗೆ ಇಟ್ಟುಕೊಳ್ಳಬಹುದು.

ಕಂಪ್ಯೂಟರ್ ರಿಪೇರಿ ಅಂಗಡಿಯವರಲ್ಲಿ ಒಂದು ಮನವಿ. ಫಾರ್ಮ್ಯಾಟ್ ಮಾಡುವ ಮುಂಚೆ ‘ಫೋಟೋ ಇದಾವೇನ್ರೀ’ ಎಂದು ಕೇಳುವ ಹಾಗೆಯೇ ‘ಹಾಡಿನ ಪ್ರಾಜೆಕ್ಟ್ ಇದಾವೇನ್ರೀ’ ಎಂದೂ ಕೇಳಿ. ಅವು ಸಾಮಾನ್ಯವಾಗಿ ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ, ಡಾಕ್ಯುಮೆಂಟ್ಸ್‌ನೊಳಗಿನ ಯಾವುದೋ ಫೋಲ್ಡರಿನಲ್ಲಿ ಇರುತ್ತವೆ.

– ಧ್ವನಿಮುದ್ರಣ ತಂತ್ರಜ್ಞ, ಬಳ್ಳಾರಿ